ನೋವು ಅಂದವರಿಗೆ ಐದು ಸುತ್ತು

ಮಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜು... ಅಲ್ಲಿ ಫುಟ್‌ಬಾಲ್ ಅಂದರೆ ಲಿಗೋರಿ ಮಾಸ್ಟ್ರು, ಲಿಗೋರಿ ಮಾಸ್ಟ್ರು ಅಂದರೆ ಫುಟ್‌ಬಾಲ್.

ಇಪ್ಪತ್ತಾರು ವರ್ಷದ ಕೋಚಿಂಗ್. "ಕೈ ಕೆಸರಾದರೆ ಬಾಯಿ ಮೊಸರು" ಅನ್ನುವುದು ದಿನಕ್ಕೆ ನಾಲ್ಕು ಸಲ ಅವರ ಬಾಯಿಗೆ ಬರುವ ಮಾತು. ವಾರಕ್ಕೆ ಏಳು ದಿನವೂ ಪ್ರಾಕ್ಟೀಸ್... ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಸೀದಾ ಮೈದಾನಕ್ಕೆ.

ಅವರದೊಂದು ಕಾನೂನು ಇತ್ತು. ಯಾರಾದರೂ "ಸರ್, ಕಾಲು ನೋವು" ಅಂದರೆ ಐದು ಸುತ್ತು ಹೆಚ್ಚು ಓಡಬೇಕು.

ಹಾಗಾಗಿ ಮೂರು ವರ್ಷದಿಂದ ಅವರ ತಂಡದಲ್ಲಿ ಯಾರಿಗೂ ನೋವೇ ಆಗಿರಲಿಲ್ಲ ನೋಡಿ... ಅದನ್ನು ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು.

ಜಿಲ್ಲಾ ಕಪ್ ಫೈನಲ್‌ಗೆ ಇನ್ನು ಮೂರು ವಾರ. ತಂಡದ ಕ್ಯಾಪ್ಟನ್ ಅಫ್ರೀನಾ, ಉಳ್ಳಾಲದ ಹುಡುಗಿ. ಹೆದರಿಕೆ ಅನ್ನುವುದು ಅವಳ ಜಾತಕದಲ್ಲೇ ಇಲ್ಲ. ನೇರ ಬಂದು ಕೇಳಿದಳು...

"ಸರ್, ವಾರಕ್ಕೆ ಒಂದು ದಿನ ಎಲ್ಲರಿಗೂ ರಜೆ ಬೇಕು."

"ರಜೆ ಬೇಕಾದವರು ಮನೆಯಲ್ಲಿ ಕೂತು ಕೇರಂ ಆಡಿ," ಅಂದರು ಮಾಸ್ಟ್ರು.

ಅವಳು ಜಗ್ಗಲಿಲ್ಲ. ಅವರ ಫೋನಿಗೇ ಒಂದು ಫುಟ್‌ಬಾಲ್ ಮ್ಯಾನೇಜರ್ ಗೇಮ್ ಹಾಕಿಕೊಟ್ಟಳು. ಅದರಲ್ಲಿದ್ದ ಆಟಗಾರರ ಹೆಸರು ಅಳಿಸಿ, ತಮ್ಮ ತಂಡದ ಹದಿನಾರು ಹುಡುಗಿಯರ ಹೆಸರು ಬರೆದಳು.

"ಇದರಲ್ಲಿ ನೀವೇ ಮ್ಯಾನೇಜರ್ ಸರ್. ಪ್ರಾಕ್ಟೀಸ್ ಎಷ್ಟು, ರೆಸ್ಟ್ ಎಷ್ಟು, ಯಾರನ್ನು ಆಡಿಸುದು... ಎಲ್ಲಾ ನಿಮ್ಮ ಇಷ್ಟ. ಒಂದು ಸೀಸನ್ ನಡೆಸಿ. ಯಾರೂ ಪೆಟ್ಟಾಗಿ ಬೀಳದಿದ್ರೆ ನಾನು ಇನ್ನು ಬಾಯಿ ಬಿಡುದಿಲ್ಲ."

ಪಂಥ ಅಂದ ಮೇಲೆ ಮಾಸ್ಟ್ರು ಬಿಡುವವರೇ? ಸಿಟಿ ಬಸ್ಸಿನಲ್ಲಿ ಕೂತೇ ಶುರು ಹಚ್ಚಿಕೊಂಡರು.

ಪ್ರಾಕ್ಟೀಸ್... ಅತಿ ಹೆಚ್ಚು. ವಿಶ್ರಾಂತಿ... ಸೊನ್ನೆ.

ಹೆಸರುಗಳ ಪಕ್ಕದ ಹಸಿರು ಪಟ್ಟಿ ದಿನೇ ದಿನೇ ಕೆಂಪಾಯಿತು. ಮಾಸ್ಟ್ರಿಗೆ ಖುಷಿಯೋ ಖುಷಿ... ಕೆಂಪು ಅಂದರೆ ಮೈ ಚೆನ್ನಾಗಿ ಬಿಸಿಯಾಗಿದೆ ಅಂತ ತಿಳಿದು ಪ್ರಾಕ್ಟೀಸ್ ಇನ್ನಷ್ಟು ಏರಿಸಿದರು! ಅದು ಸುಸ್ತಿನ ಲೆಕ್ಕ ಅಂತ ಅವರಿಗೆ ಹೊಳೆಯಲೇ ಇಲ್ಲ.

ಆಮೇಲೆ ಫೋನಿನ ತಂಡದಲ್ಲಿ ಒಬ್ಬೊಬ್ಬರೇ ಬೀಳತೊಡಗಿದರು.

ಹಿತಾಕ್ಷಿ... ತೊಡೆಯ ಸ್ನಾಯುವಿಗೆ ಪೆಟ್ಟು. ಅವಳು ಗೋಲು ಹೊಡೆಯುವ ಹುಡುಗಿ, ಬಿಡಲಾಗುತ್ತದೆಯೇ? "ಇಂಜೆಕ್ಷನ್ ಕೊಟ್ಟು ಆಡಿಸಿ" ಎಂಬ ಬಟನ್ ಕಂಡಿತು, ಒತ್ತಿದರು. ಮುಂದಿನ ಪಂದ್ಯದಲ್ಲೇ ಸ್ಕ್ರೀನ್ ಮೇಲೆ ಬಂತು... "ಹಿತಾಕ್ಷಿ ಇನ್ನು ಮುಂದೆ ಆಡುವಂತಿಲ್ಲ."

ಗೇಮ್ ಶುರು ಮಾಡಿ ಎರಡು ವಾರ ಆಗುವಷ್ಟರಲ್ಲಿ ಅದರ ತಂಡದಲ್ಲಿ ಉಳಿದವರು ಆರು ಮಂದಿ. ಮಾಡಿದ್ದುಣ್ಣೋ ಮಹಾರಾಯ.

ಮಾಸ್ಟ್ರು ಮೈದಾನಕ್ಕೆ ಬಂದವರೇ ಅಫ್ರೀನಾಳನ್ನು ಕರೆದರು.

"ನಿನ್ನ ಈ ಗೇಮ್ ಸರಿ ಇಲ್ಲ. ನನ್ನ ಮಕ್ಕಳು ಹೀಗೆ ಬೀಳುವವರಲ್ಲ. ಮೂರು ವರ್ಷದಲ್ಲಿ ಒಬ್ಬಳಾದ್ರೂ ನೋವು ಅಂದದ್ದುಂಟಾ?"

ಅಫ್ರೀನಾ ಅವರ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು...

"ಫೋನಿನಲ್ಲಿರುವ ಹಿತಾಕ್ಷಿಗೆ ನಿಮ್ಮ ಐದು ಸುತ್ತಿನ ಹೆದರಿಕೆ ಇಲ್ಲ ಸರ್. ಅದಕ್ಕೇ ಅವಳು ನೋವು ಮುಚ್ಚಿಡುದಿಲ್ಲ."

ಮಾಸ್ಟ್ರು ಫೋನ್ ಜೇಬಿಗೆ ಹಾಕಿಕೊಂಡರು.

ಹಿತಾಕ್ಷಿಯನ್ನು ಕರೆದು ಕೇಳಿದರು. "ಕಾಲು ನೋವು ಉಂಟಾ?"

"ಇಲ್ಲ ಸರ್." ಪ್ರಶ್ನೆ ಮುಗಿಯುವ ಮೊದಲೇ ಉತ್ತರ!

"ಸುತ್ತು ಇಲ್ಲ ಮಗಾ. ಇನ್ನು ಯಾವತ್ತೂ ಇಲ್ಲ. ನಿಜ ಹೇಳು."

ಹುಡುಗಿ ತೊಡೆ ಮುಟ್ಟಿ ತೋರಿಸಿದಳು... "ಎರಡು ತಿಂಗಳಾಯ್ತು ಸರ್. ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ಬರ್ತದೆ."

ಹಿಂದೆ ನಿಂತವರಲ್ಲಿ ಒಬ್ಬಳು ಮೆಲ್ಲಗೆ ಕೈ ಎತ್ತಿದಳು. ಮತ್ತೊಬ್ಬಳು. ಇನ್ನೊಬ್ಬಳು... ಒಟ್ಟು ಐದು ಕೈ. ಇಪ್ಪತ್ತಾರು ವರ್ಷದಲ್ಲಿ ಯಾರ ಮುಂದೆಯೂ ಅಳದಿದ್ದ ಮಾಸ್ಟ್ರು ಮಕ್ಕಳ ಎದುರೇ ಅತ್ತುಬಿಟ್ಟರು.

ಡಾಕ್ಟರ್ ಸ್ಕ್ಯಾನ್ ನೋಡಿ ಹೇಳಿದರು. ಹಿತಾಕ್ಷಿಗೆ ಆರು ವಾರ ಪೂರ್ತಿ ವಿಶ್ರಾಂತಿ. ಉಳಿದ ಐವರಿಗೆ ಹತ್ತು ದಿನ. ಫೈನಲ್‌ಗೆ ಉಳಿದದ್ದು ಒಂದೇ ವಾರ.

ಸುದ್ದಿ ಕಾಲೇಜಿನ ಸಂಚಾಲಕರಿಗೆ ಮುಟ್ಟಿತು. ಕಪ್ ಇಡಲು ಅವರು ಆಗಲೇ ಗಾಜಿನ ಕಪಾಟು ಮಾಡಿಸಿದ್ದರು.

"ಹಿತಾಕ್ಷಿ ಇಲ್ಲದೆ ಫೈನಲ್ ಎಂತ ಮಾಸ್ಟ್ರೆ? ಒಂದು ಇಂಜೆಕ್ಷನ್ ಕೊಡ್ಸಿ. ತೊಂಬತ್ತು ನಿಮಿಷದ ವಿಷಯ."

"ಆಗುದಿಲ್ಲ ಸರ್."

"ನಿಮ್ಮ ಕೆಲಸದ ಬಗ್ಗೆ ಯೋಚನೆ ಉಂಟಾ?"

"ಕಪ್ ಬೇಕಾದ್ರೆ ಹಂಪನಕಟ್ಟೆಯ ಅಂಗಡಿಯಲ್ಲಿ ಸಿಗ್ತದೆ, ಹೆಸರು ಕೂಡ ಕೆತ್ತಿ ಕೊಡ್ತಾರೆ," ಅಂದರು ಮಾಸ್ಟ್ರು. "ಹುಡುಗಿಯ ಕಾಲು ಯಾವ ಅಂಗಡಿಯಲ್ಲಿಯೂ ಸಿಗುದಿಲ್ಲ."

ಫೈನಲ್ ನಡೆಯಿತು. ಆರು ಮಂದಿ ಬೆಂಚಿನಲ್ಲಿ. ಉಳಿದ ಹತ್ತೇ ಜನ ಹನ್ನೊಂದು ಜನರ ಎದುರು ಆಡಿದರು... ಕೊನೆಯ ಹತ್ತು ನಿಮಿಷದವರೆಗೂ ಗೋಲು ಬಿಟ್ಟುಕೊಡಲಿಲ್ಲ. ಆಮೇಲೆ ಒಂದು ಗೋಲಿನಿಂದ ಸೋತರು.

ಬೆಂಚಿನಲ್ಲಿದ್ದ ಹಿತಾಕ್ಷಿ ಬಿಕ್ಕಿ ಬಿಕ್ಕಿ ಅತ್ತಳು. ಮಾಸ್ಟ್ರು ಮಾತ್ರ ಎದ್ದು ನಿಂತು, ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದರು.

ಸೋಮವಾರ ಬೆಳಿಗ್ಗೆ ನೋಟಿಸ್ ಬಂತು. "ಆಟಗಾರ್ತಿಯನ್ನು ಬೇಕೆಂದೇ ಆಡಿಸದೆ ಕಾಲೇಜಿನ ಮಾನ ಕಳೆದದ್ದಕ್ಕೆ ಲಿಖಿತ ಉತ್ತರ ಕೊಡಿ."

ಮಾಸ್ಟ್ರು ಒಂದೇ ಸಾಲು ಬರೆದರು. "ಹೌದು, ಬೇಕೆಂದೇ ಆಡಿಸಲಿಲ್ಲ. ನೋವಿದ್ದವರನ್ನು ಮುಂದೆಯೂ ಆಡಿಸುವುದಿಲ್ಲ."

ಆ ಕಾಗದ ಆಫೀಸಿಗೆ ತಲುಪಿದಾಗ ಮಾಸ್ಟ್ರ ಸಹಿಯ ಕೆಳಗೆ ಇನ್ನೂ ಹದಿನಾರು ಸಹಿಗಳಿದ್ದವು... ಆ ಹದಿನಾರರಲ್ಲಿ ಮೊದಲನೆಯದು ಹಿತಾಕ್ಷಿಯದು.

*ನೋವು ಹೇಳಿಕೊಂಡವರಿಗೆ ಶಿಕ್ಷೆ ಕೊಡುವಲ್ಲಿ ನೋವು ಕಡಿಮೆಯಾಗುವುದಿಲ್ಲ... ಎಲ್ಲರೂ ಸುಳ್ಳು ಹೇಳಲು ಕಲಿಯುತ್ತಾರೆ, ಅಷ್ಟೆ.*

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ "ಏನಿಲ್ಲ, ಚೆನ್ನಾಗಿದ್ದೇನೆ" ಅನ್ನುವವರು ನಿಜವಾಗಿಯೂ ಚೆನ್ನಾಗಿದ್ದಾರೆಯೇ... ಅಥವಾ ನಿಮಗೆ ಹೆದರಿ ಹಾಗೆ ಅನ್ನುತ್ತಿದ್ದಾರೆಯೇ?