ಕೆನ್ನೆಯೊಳಗಿನ ಗಾಳಿ

ಡಾ. ಫರಹತ ಅವರ ತೋರುಬೆರಳು ಮಹಮ್ಮದಹನೀಫರ ಎಡಗೆನ್ನೆಯನ್ನು ಮೆಲ್ಲಗೆ ಒತ್ತಿತು. ಚರ್ಮದಡಿ ಏನೋ ಚರಚರ ಎಂದಿತು, ಒಣಗಿದ ಜೋಳದ ಎಲೆಯನ್ನು ಹಿಸುಕಿದ ಹಾಗೆ. ಕಣ್ಣಿನ ಕೆಳಗಿನವರೆಗೂ ಕೆನ್ನೆ ಉಬ್ಬಿತ್ತು. ಕೀವು ತುಂಬಿದ ಬಾವು ಹೀಗೆ ಸದ್ದು ಮಾಡುವುದಿಲ್ಲ. ಇದು ಗಾಳಿ. ಒಸಡಿನ ಹೊಲಿಗೆಯ ಸಂದಿನಿಂದ ಒತ್ತಡಕ್ಕೆ ಸಿಕ್ಕಿ ಒಳನುಗ್ಗಿದ ಗಾಳಿ.

"ಕ್ಲಾರ್ನೆಟ್ ಊದೀರಿ," ಎಂದರು ಫರಹತ.

"ಇಲ್ರಿ ಡಾಕ್ಟರ್ ಬಾಯಾರ."

ಸಿಂದಗಿಯ ಆ ದವಾಖಾನೆಯಲ್ಲಿ ಹನೀಫರಿಗೆ ಶಸ್ತ್ರಚಿಕಿತ್ಸೆಯಾಗಿ ವಾರವೂ ಕಳೆದಿರಲಿಲ್ಲ. ಹಲ್ಲು ಹೋಗಿ ಎಷ್ಟೋ ವರ್ಷಗಳಾಗಿದ್ದರಿಂದ ಅವರ ಮೇಲ್ದವಡೆಯ ಮೂಳೆ ಸವೆದು ಹಪ್ಪಳದಷ್ಟು ತೆಳುವಾಗಿತ್ತು. ಅಲ್ಲಿ ಯಾವ ಸ್ಕ್ರೂ ಕೂಡ ನಿಲ್ಲುವಂತಿರಲಿಲ್ಲ. ಆದರೆ ಸ್ಕ್ಯಾನಿನಲ್ಲಿ ಕೆನ್ನೆಯ ಮೂಳೆ ದಪ್ಪಗೆ, ದಟ್ಟವಾಗಿ ಕಂಡಿತ್ತು. ಅದನ್ನೇ ನಂಬಿ ಫರಹತ ಉದ್ದನೆಯ ಸ್ಕ್ರೂಗಳನ್ನು ಒಸಡಿನಿಂದ ಮೇಲಕ್ಕೆ, ಮೂಗಿನ ಪಕ್ಕದ ಪೊಳ್ಳನ್ನು ದಾಟಿಸಿ, ಕೆನ್ನೆಯ ಮೂಳೆಗೆ ಕಚ್ಚಿಸಿದ್ದರು. ಹಲ್ಲು ಕೂರುವುದು ಇನ್ನು ಅವುಗಳ ಮೇಲೆ. ಹನೀಫರಿಗೆ ಹಲ್ಲು ಬೇಕಾಗಿದ್ದದ್ದು ರೊಟ್ಟಿಗಲ್ಲ, ಕ್ಲಾರ್ನೆಟ್ಟಿಗೆ. ಅದನ್ನು ಊದಲು ಮೇಲಿನ ಹಲ್ಲಿನ ಆಸರೆ ಬೇಕು. ಕಟ್ಟಿಸಿಕೊಂಡ ಹಲ್ಲುಸೆಟ್ಟು ಜಾರಿ ಬೀಳುತ್ತಿತ್ತು. ದೇವರ ಹಿಪ್ಪರಗಿಯ ಬ್ಯಾಂಡಿನ ಮುಂದೆ ನಿಲ್ಲುತ್ತಿದ್ದವರು ಹೋದ ಮದುವೆ ಹಂಗಾಮಿನಲ್ಲಿ ಎಲ್ಲರ ಹಿಂದೆ ಝಾಂಜು ತಾಳ ಬಾರಿಸುತ್ತ ನಡೆದಿದ್ದರು.

ಊದಬಾರದು, ಜೋರಾಗಿ ಸಿಂಬಳ ತೆಗೆಯಬಾರದು, ಬಾಯಿ ಮುಚ್ಚಿ ಸೀನಬಾರದು ಎಂದು ಫರಹತ ಎರಡೆರಡು ಸಲ ಹೇಳಿ ಕಳಿಸಿದ್ದರು. ಈಗ ಮತ್ತೆ ಹೇಳಿದರು: ಗಾಳಿಯ ಜೊತೆ ನಂಜು ಹೊಕ್ಕರೆ ಸ್ಕ್ರೂ ಬಿಚ್ಚಬೇಕಾಗುತ್ತದೆ, ಒಮ್ಮೆ ಕೊರೆದ ಮೂಳೆ ಇನ್ನೊಮ್ಮೆ ಹಾಗೆ ಹಿಡಿಯುವುದಿಲ್ಲ. ರವಿವಾರ ಹನೀಫರ ಬ್ಯಾಂಡಿಗೆ ಮನಗೂಳಿಯಲ್ಲಿ ಮದುವೆಯ ಮೆರವಣಿಗೆ ಇದೆ ಎಂಬುದೂ ಅವರಿಗೆ ಗೊತ್ತಿತ್ತು.

"ಕ್ಲಾರ್ನೆಟ್ಟಿನ ಪೆಟ್ಟಿಗಿ ಸುದ್ದಾ ತಗದಿಲ್ರಿ," ಎಂದರು ಹನೀಫ.

ಗೋಡೆಗೊರಗಿ ನಿಂತಿದ್ದ ಅವರ ಹೆಂಡತಿ ಸುಲ್ತಾನಾ ಗಂಡನ ಮುಖ ನೋಡಲಿಲ್ಲ. "ನಾ ಹೊಲಿಗಿ ಮಶೀನ್ ಮುಂದ ಕುಂತಾಗ ಹಿತ್ತಲದಾಗ ಊದಿರಬೇಕ್ರಿ. ಇವರಿಗೆ ಮೊದಲ ತಾಳ್ಮಿ ಇಲ್ಲ."

ಹನೀಫ ಹೆಂಡತಿಯ ಕಡೆ ತಿರುಗಿದರು. ಆ ಕ್ಲಾರ್ನೆಟ್ಟನ್ನು ಇವತ್ತೇ ಮನೆಯಿಂದ ಹೊರಗೆ ಸಾಗಿಸುವಂತೆ ಫರಹತ ಸುಲ್ತಾನಾಗೆ ಹೇಳಿದರು. ಪಕ್ಕದ ಮನೆಯಲ್ಲೇ ಹನೀಫರ ತಮ್ಮನ ಮಗ ತಬ್ರೇಜ ಇದ್ದ. ಅವನೂ ಅದೇ ಬ್ಯಾಂಡಿನವನು. ಹನೀಫರ ಮನೆಯ ಬೀಗದ ಕೈ ಅವನ ತಾಯಿ ಸಗೀರಾಳ ಹತ್ತಿರ ಇತ್ತು. ಅದನ್ನು ತನ್ನ ಮನೆಗೆ ಒಯ್ದಿಟ್ಟುಕೊಳ್ಳುವಂತೆ ಸುಲ್ತಾನಾ ಅಲ್ಲೇ ನಿಂತು ತಬ್ರೇಜನಿಗೆ ಫೋನ್ ಮಾಡಿದಳು.

ಹೊಸ ಸ್ಕ್ಯಾನ್ ಬರುವಷ್ಟರಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ಫರಹತ ಒಳಕೋಣೆಗೆ ಹೋಗಿ, ತೋಳು ಮಡಚಿ, ನಮಾಜಿಗೆ ಮುಂಚಿನ ವಜೂ ಮಾಡತೊಡಗಿದರು. ಕೈ ತೊಳೆದರು. ಬಾಯಿ ಮುಕ್ಕಳಿಸಿದರು. ಬೊಗಸೆಯ ನೀರನ್ನು ಮೂಗಿಗೆ ಎಳೆದುಕೊಂಡು, ಎಡಗೈಯಿಂದ ಮೂಗು ಹಿಡಿದು ಹೊರಹಾಕಿದರು. ಎರಡನೆಯ ಸಲ ನೀರು ಮೂಗಿನ ಹತ್ತಿರ ಬಂದಾಗ ಕೈ ನಿಂತಿತು. ಚಿಕ್ಕಂದಿನಿಂದ ಮಾಡುತ್ತ ಬಂದದ್ದು. ಅದಕ್ಕೂ ಒಂದು ಒತ್ತಡವಿದೆ ಎಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ. ನೀರು ಬೆರಳ ಸಂದಿಯಿಂದ ಸೋರಿಹೋಯಿತು.

ಒದ್ದೆ ಕೈಯಲ್ಲೇ ಹೊರಗೆ ಬಂದರು. "ಚಾಚಾ, ವಜೂಕ್ಕ ಮೂಗಿಗೆ ನೀರ ಏರಸಾಕತ್ತೀರೇನು?"

"ಏರಸ್ದ ಹೆಂಗ್ರಿ?" ಹನೀಫರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಆಪರೇಶನ್ ಆದಾಗಿಂದ ಮೂಗು ಕಟ್ಟೇತಿ. ನೀರ ಒಳಗ ಉಳದೀತು ಅಂತ ಸ್ವಲ್ಪ ಜೋರ್ಲೇ ಹೊರಗ ಹಾಕ್ತೇನಿ."

ಫರಹತ ಸ್ಟೂಲಿನ ಮೇಲೆ ಕುಳಿತರು. ಬಳಿಕ ಕೈಗವಸು ತೊಟ್ಟು ಒಂದೊಂದೇ ಸ್ಕ್ರೂವನ್ನು ಉಪಕರಣದ ಹಿಡಿಯಿಂದ ತಟ್ಟಿದರು. ಪ್ರತಿಸಲವೂ ಗಟ್ಟಿ ಮೂಳೆಯ ಖಣ್ ಎಂಬ ಸದ್ದು. ಯಾವುದೂ ಅಲುಗಲಿಲ್ಲ. ಸ್ಕ್ಯಾನಿನಲ್ಲೂ ಎಲ್ಲ ಇದ್ದಲ್ಲೇ ಇದ್ದವು. ಗಾಳಿ ತಾನಾಗಿ ಇಳಿಯುತ್ತದೆ, ನಂಜಾಗದಂತೆ ಗುಳಿಗೆ ಕೊಡುತ್ತೇನೆ ಎಂದರು. ಗಾಯ ಆದವರಿಗೆ ವಜೂದಲ್ಲಿ ರಿಯಾಯಿತಿ ಉಂಟು, ಮಾಯುವ ತನಕ ಮೂಗಿಗೆ ನೀರು ಬೇಡ ಎಂದರು. ಆಮೇಲೆ ಸುಲ್ತಾನಾಳ ಕಡೆ ತಿರುಗಿದರು.

"ಇವರು ಊದಿಲ್ಲ. ಹೇಳಬೇಕಾದ್ದು ನಾನು ಹೇಳಿರಲಿಲ್ಲ, ತಪ್ಪು ನಂದು. ತಬ್ರೇಜಗ ಫೋನ್ ಮಾಡ್ರಿ, ಅದನ್ನ ಇದ್ದಲ್ಲೇ ಇಡು ಅಂತ ಹೇಳ್ರಿ."

ಸುಲ್ತಾನಾ ಮತ್ತೆ ತಬ್ರೇಜನ ನಂಬರ್ ಹಚ್ಚಿದಳು. ಫೋನಿನ ಸ್ಪೀಕರ್ ಒತ್ತಿದಳು. ಎತ್ತಿದವಳು ಸಗೀರಾ. "ಆಗಳೇ ತಂದಾನ ಬಿಡವಾ. ಮನಗೂಳ್ಯಾಗ ತಾನ ಮುಂದ ನಿಲ್ತಾನಂತ. ಬ್ಯಾಂಡಿನಾವ್ರೂ ಹೂಂ ಅಂದಾರ." ಅವಳ ಮಾತಿನ ಹಿಂದೆ ಕ್ಲಾರ್ನೆಟ್ ಕೇಳಿಸುತ್ತಿತ್ತು. ಮದುವೆ ಮೆರವಣಿಗೆಯ ಧಾಟಿ; ಅರ್ಧಕ್ಕೆ ಕೀರಲಾಗಿ ಒಡೆಯಿತು, ಮತ್ತೆ ಮೊದಲಿನಿಂದ ಶುರುವಾಯಿತು, ಅದೇ ಜಾಗದಲ್ಲಿ ಮತ್ತೆ ಒಡೆಯಿತು.

ಫೋನ್ ಕಟ್ ಮಾಡುವುದು ಯಾರಿಗೂ ಹೊಳೆಯಲಿಲ್ಲ. ಹನೀಫ ಕಣ್ಣು ಮುಚ್ಚಿಕೊಂಡಿದ್ದರು. ತೊಡೆಯ ಮೇಲಿದ್ದ ಅವರ ಉಂಗುರಬೆರಳು, ತಬ್ರೇಜ ಪ್ರತಿಸಲವೂ ಮುಚ್ಚಲು ಮರೆಯುತ್ತಿದ್ದ ತೂತನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು.