ಬೂದಿಗೆ ಏನಂತಾರೆ

ಕಾಳ್ಗಿಚ್ಚಿಗೆ ಸುಟ್ಟುಹೋದ ಮನೆಯ ಬೂದಿ ಕೆದಕಿ, ಲವೀನಾ ಅಜ್ಜಿ ಕರಗಿ ಮುದ್ದೆಯಾಗಿದ್ದ ಕ್ಯಾಸೆಟ್ಟುಗಳನ್ನು ಎತ್ತಿಕೊಂಡಳು. ಮನೆಯಲ್ಲಿ ಕರುಕ್ ಮಾತು, ಅಮೆರಿಕದ ಮೂಲನಿವಾಸಿಗಳಾದ ತಮ್ಮ ಜನರ ನುಡಿ, ಚೆನ್ನಾಗಿ ಬಲ್ಲವಳು ಅವಳ ಅಕ್ಕ ಒಬ್ಬಳೇ. ಅವಳು ಸತ್ತ ಮೇಲೆ ಅವಳ ದನಿ ಉಳಿದಿದ್ದು ಇವುಗಳಲ್ಲಿ ಮಾತ್ರ.

ಮೊಮ್ಮಗಳು ತ್ರೇಸಾ ಕಣ್ಣೊರೆಸಿಕೊಂಡು ಫೋನು ಹಿಡಿದಳು. "ಅಜ್ಜೀ, ನಿಂಗೆ ನೆನಪಿರೋದನ್ನಾದ್ರೂ ಹೇಳು, ರೆಕಾರ್ಡ್ ಮಾಡ್ಕೋತೀನಿ. ಈ ಬೂದಿಗೆ ಏನಂತಾರೆ?"

"ಆಮ್ತಾಪ್. ಧೂಳಿಗೂ ಅದೇ," ಎಂದ ಅಜ್ಜಿಗೆ ಉಚ್ಚಾರ ಸರಿಯೇ ಎಂದು ಅನುಮಾನ ಬಂತು. ಚಿಕ್ಕಂದಿನಲ್ಲಿ ಅವಳನ್ನು ಹಾಕಿದ್ದ ಬೋರ್ಡಿಂಗ್ ಸ್ಕೂಲಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಆಮೇಲೆ ಅವಳು ಕರುಕ್ ಆಡಲು ಬಾಯಿ ತೆರೆದಾಗಲೆಲ್ಲ ಅಕ್ಕ ರೇಗಿಸುತ್ತಿದ್ದಳು: "ನಾಲಿಗೇನ ಬೋರ್ಡಿಂಗ್ ಸ್ಕೂಲಲ್ಲೇ ಬಿಟ್ಟು ಬಂದ್ಯೇನೇ? ಇನ್ನೊಂದ್ಸಲ ಹೇಳು!" ಸರಿಯಾಗುವವರೆಗೂ ಬಿಡುತ್ತಿರಲಿಲ್ಲ.

ಅಜ್ಜಿ ಇನ್ನೊಂದು ಸಲ ಹೇಳಿದಳು. ಆಮೇಲೆ ಮತ್ತೊಂದು ಸಲ, ಸ್ವಲ್ಪ ಬೇರೆ ಥರ.

"ಯಾವ್ದು ಸರಿ, ಅಜ್ಜೀ?"

ಅಜ್ಜಿ ಕೈಯಲ್ಲಿದ್ದ ಕಪ್ಪು ಮುದ್ದೆಯನ್ನು ಕಿವಿಗೆ ಒತ್ತಿ ಹಿಡಿದಳು.