ಓಣಿಯಲ್ಲಿ ಸುರಿದ ಚರಟ

"ಇವತ್ತು ಸಿಕ್ಕಿಬಿದ್ದೆ ನೋಡು!" ಎನ್ನುತ್ತ ಚುಯ್‌ಪಿಂಗ್ ಎದುರುಮನೆಯ ಹೊಂಗ್ಯಾಳ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಆ ಕೈಯಲ್ಲಿದ್ದ ಮಣ್ಣಿನ ಗಡಿಗೆಯಿಂದ ಕಷಾಯದ ಚರಟವು ಆಗತಾನೆ ಓಣಿಯ ನಡುವೆ ಬಿದ್ದು ಹಬೆಯಾಡುತ್ತಿತ್ತು. ಅಂಥ ಚರಟವನ್ನು ತುಳಿದವರ ಕಾಲಿಗೆ ರೋಗಿಯ ಕಾಯಿಲೆ ಅಂಟಿಕೊಂಡು ಹೋಗುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಮೂರು ದಿನದಿಂದ ದಿನವೂ ಅಲ್ಲಿ ಬೀಳುತ್ತಿದ್ದ ಅದನ್ನು ಚುಯ್‌ಪಿಂಗ್ ತುಳಿಯದೆ ಸುತ್ತಿಕೊಂಡೇ ನಡೆದಿದ್ದಳು.

"ನಿನ್ನ ರೋಗ ಸುರಿಯೋಕೆ ನನ್ನ ಬಾಗಿಲೇ ಬೇಕಿತ್ತೇನೇ? ಗುಂಡುಕಲ್ಲಿನ ಹಾಗಿದ್ದೀಯ, ಏನು ಧಾಡಿ ನಿಂಗೆ?"

"ನಂಗೇನೂ ಇಲ್ಲ ಅಕ್ಕ. ಒಲೆ ಮಾತ್ರ ನಂದು. ಕುಡಿಯೋರು ಯಾರು ಅಂತ ಹೇಳಲ್ಲ ಅಂತ ಮಾತು ಕೊಟ್ಟಿದೀನಿ, ಕೇಳ್ಬೇಡಿ."

"ಸುಳ್ಳಿಗೂ ಒಂದು ಅಳತೆ ಬೇಡ್ವಾ!" ಎಂದು ಗೊಣಗುತ್ತ ಚುಯ್‌ಪಿಂಗ್ ಕುಕ್ಕರಗಾಲಿನಲ್ಲಿ ಕುಳಿತು, ಕಡ್ಡಿಯೊಂದರಿಂದ ಚರಟವನ್ನು ಕೆದಕಿದಳು. ಔಷಧದಂಗಡಿಯಲ್ಲಿ ಬೇರು ತೂಗಿ ಪಳಗಿದ ಅವಳ ಕಣ್ಣು, ಹೃದಯ ಸೋತವರಿಗೆ ಕೊಡುವ ಕೆಂಪು ಬೇರನ್ನು ಕೂಡಲೇ ಗುರುತಿಸಿತು. ಅದರ ಪಕ್ಕದಲ್ಲಿ ಎಲಚಿಹಣ್ಣುಗಳಿದ್ದವು. ಒಂದೊಂದರ ಬೆನ್ನನ್ನೂ ಸೀಳಿ ಬೀಜ ತೆಗೆಯಲಾಗಿತ್ತು. ಬೀಜ ಕಡಿದು ಅವಳ ಹಲ್ಲು ಮುರಿದ ವರ್ಷದಿಂದ, ಅವಳ ಗಂಡ ಗೆಂಗ್, ಮನೆಯ ಎಲಚಿಯನ್ನೆಲ್ಲ ಹೀಗೆಯೇ ಸೀಳಿಡುತ್ತಿದ್ದ. ವ್ಯಾಯಾಮಕ್ಕೆಂದು ಈ ಮೂರು ಮುಂಜಾನೆಯೂ ಅವನು ಬೇಗನೆ ಮನೆ ಬಿಟ್ಟಿದ್ದ.

ಹೊಂಗ್ಯಾ ತಲೆ ತಗ್ಗಿಸಿದಳು. ಚುಯ್‌ಪಿಂಗ್ ಎದ್ದು, ಚಪ್ಪಲಿ ಕಳಚಿ, ಬಿಸಿಯಾರದ ಚರಟದ ಮೇಲೆ ಎರಡೂ ಪಾದಗಳನ್ನು ಊರಿ ನಿಂತಳು.